ನಾಲ್ಕನೇ ಜ್ವರದ ರಜೆ

ಚಿಕ್ಕಮ್ಮನ ಮನೆಯ ದೊಡ್ಡ ಕೋಣೆ ರೇಷ್ಮೆ ಹುಳುಗಳದು. ನೆಲದಿಂದ ಸೂರಿನವರೆಗೆ ಐದು ಸಾಲು ತಟ್ಟೆ. ಮಿಕ್ಕ ಜಾಗದಲ್ಲಿ ಮನೆಯವರು. ದಿನಕ್ಕೆ ನಾಲ್ಕು ಸಲ ಸೊಪ್ಪು ಹಾಕಬೇಕು. ಒಂದು ಹೊತ್ತು ತಪ್ಪಿದರೂ ಹುಳು ಸೊರಗುತ್ತದೆ. ಮದುವೆಯಾದ ಹನ್ನೊಂದು ವರ್ಷದಲ್ಲಿ ಚಿಕ್ಕಮ್ಮ ಅಂಗಡಿಗೆ ಹೋದರೂ ಗಡಿಯಾರ ನೋಡಿಯೇ ಹೋಗಿ ಬಂದವಳು.

ಬೆಳೆಯುವ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ಆಗ ತಲೆಯೆತ್ತಿ ಅಲುಗಾಡದೆ ಕೂರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ನಾಲ್ಕನೇ ಜ್ವರ ಎಲ್ಲಕ್ಕಿಂತ ಉದ್ದ, ಒಂದು ದಿನಕ್ಕೂ ಮಿಕ್ಕಿ. ಚಿಕ್ಕಮ್ಮನಿಗೆ ರಜೆಯೆಂದರೆ ಅದೇ.

ಈ ಸಲ ಗುರುವಾರ ಅವಳ ಅಮ್ಮನಿಗೆ ಕಣ್ಣಿನ ಆಪರೇಷನ್. "ಒಳಗೆ ಕರ್ಕೊಂಡು ಹೋಗೋವಾಗ ನೀನು ಪಕ್ಕದಲ್ಲಿರೇ, ಭಯ ಆಗತ್ತೆ" ಎಂದಿದ್ದರು ಅಮ್ಮ. ಹುಳು ಕೂರುವುದು ಶುಕ್ರವಾರ.

"ಸೊಪ್ಪು ತರೋನೂ ನಾನೇ, ಹಾಕೋನೂ ನಾನೇನಾ?" ಎಂದ ಚಿಕ್ಕಪ್ಪ.

"ಹೋಗಮ್ಮ, ನಿನ್ನನ್ನೇನು ಕಟ್ಟಿ ಹಾಕಿದೀವಾ?" ಎಂದರು ಅವಳ ಅತ್ತೆ, ಮಂಡಿ ನೀವಿಕೊಳ್ಳುತ್ತ. "ಹುಳ ಕೂತ್ಮೇಲೆ ಧಾರಾಳವಾಗಿ ಹೋಗು."

ಬಿಸಿಯಿದ್ದರೆ ಹುಳು ಬೇಗ ಕೂರುತ್ತದೆ. ಮಂಗಳವಾರ ಚಿಕ್ಕಮ್ಮ ಯಾರಿಗೂ ಹೇಳದೆ ಕೋಣೆಯಲ್ಲಿ ಕೆಂಡದ ಬಾಣಲೆ ಇಟ್ಟಳು. ಬುಧವಾರವೂ ಇಟ್ಟಳು.

ಗುರುವಾರ ಬೆಳಿಗ್ಗೆ ಒಳ್ಳೆಯ ಸೀರೆಯುಟ್ಟು, ಚೀಲ ಹೊಸ್ತಿಲ ಬಳಿ ಇಟ್ಟು, ಕೋಣೆಯ ಬಾಗಿಲು ತೆರೆದಳು. ಮೇಲಿನ ಮೂರು ಸಾಲಿನ ಹುಳುಗಳು ತಲೆಯೆತ್ತಿ ಕೂತಿದ್ದವು. ಕೆಳಗಿನ ಎರಡು ಸಾಲು ಇನ್ನೂ ತಿನ್ನುತ್ತಲೇ ಇದ್ದವು. ಬಿಸಿಯೆಲ್ಲ ಸೂರಿಗೆ ಏರಿತ್ತು.

ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಕೆಳಗಿನವು ಕೂರುವ ಹೊತ್ತಿಗೆ ಮೇಲಿನವು ಪೊರೆ ಬಿಟ್ಟು ಹಸಿದು ಏಳುತ್ತವೆ. ಇಂದೂ ರಜೆಯಿಲ್ಲ, ಇನ್ನು ಶುಕ್ರವಾರವೂ ಇಲ್ಲ.

"ಹುಳಕ್ಕೆ ಜ್ವರ ಬರ್ಲಿ ಅಂತ ಕಾಯೋಳು ಪ್ರಪಂಚದಲ್ಲಿ ನೀನೊಬ್ಳೇ ಕಣೆ" ಎಂದು ಹಿಂದಿನಿಂದ ಚಿಕ್ಕಪ್ಪ ನಕ್ಕ. ಬಾಣಲೆಯ ಬೂದಿ ಅವನ ಕಣ್ಣಿಗೆ ಬಿದ್ದಿರಲಿಲ್ಲ.

ಚಿಕ್ಕಮ್ಮ ಸೆರಗು ಸಿಕ್ಕಿಸಿ ಸೊಪ್ಪಿನ ಬುಟ್ಟಿ ಎಳೆದುಕೊಂಡಳು. ಅಮ್ಮನ ಫೋನು ಬಂತು. ಕಿವಿಗೂ ಭುಜಕ್ಕೂ ನಡುವೆ ಅದನ್ನು ಒತ್ತಿಕೊಂಡು ತಟ್ಟೆಯ ಮೇಲೆ ಬಾಗಿದಳು.

"ಎಲ್ಲಿದೀಯೇ? ನನ್ನ ಕರೀತಿದಾರೆ."

ಅವಳು ಸೊಪ್ಪು ಹರಡಿದಳು. ಹುಳುಗಳು ಎಲೆ ಕತ್ತರಿಸುವ ಸದ್ದು ಸಣ್ಣಗೆ, ಬಿಡದೆ ಬರುತ್ತಿತ್ತು.

"ಏನದು ಸದ್ದು, ಮಳೇನಾ?"

"ಹೂಂ ಅಮ್ಮ. ಜೋರಿದೆ."

"ಹಾಗಾದ್ರೆ ನೆನ್ಕೊಂಡು ಬರ್ಬೇಡ. ನಿಂತ್ಮೇಲೇ ಹೊರಡು."

"ಹೂಂ" ಎಂದು ಚಿಕ್ಕಮ್ಮ ಇನ್ನೊಂದು ಹಿಡಿ ಸೊಪ್ಪು ಹಾಕಿದಳು.