ಎರಡೂವರೆ ಸಾವಿರ ಫೋಟೋದಲ್ಲಿ ಸಿಗದ ಮಚ್ಚೆ

ಕಳೆದ ಭಾನುವಾರ ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ ಎರಡು ಸಾವಿರದ ಆರುನೂರ ನಲವತ್ತೊಂದು ಫೋಟೋ ನೋಡಿದೆ. ಹುಡುಕುತ್ತಿದ್ದದ್ದು ಒಂದೇ. ನನ್ನ ಹೆಂಡತಿಯ ಹಿಂಗತ್ತು.

ನಗಬೇಡಿ.

ಶುರುವಾದದ್ದು ಟೈಲರ್ ಅಂಗಡಿಯಲ್ಲಿ. ಮುಂದಿನ ತಿಂಗಳು ನನ್ನ ತಂಗಿಯ ಮಗಳ ಮದುವೆ. ಬ್ಲೌಸ್ ಹೊಲಿಸಲಿಕ್ಕೆ ನನ್ನ ಹೆಂಡತಿ ಶಶಿಕಲಾ ಶಕ್ತಿನಗರಕ್ಕೆ ಹೋಗಿದ್ದಳು. (ನಾವಿರುವುದು ಕಾವೂರಿನಲ್ಲಿ. ನಡುವೆ ಬೇಕಾದಷ್ಟು ಟೈಲರ್‌ಗಳಿದ್ದಾರೆ. ಆದರೆ ಬ್ಲೌಸಿನ ವಿಷಯದಲ್ಲಿ ಹೆಂಡತಿಯ ಹತ್ತಿರ ವಾದ ಮಾಡುವ ಧೈರ್ಯ ನಿಮಗುಂಟಾ?) ಅಳತೆ ತೆಗೆಯುತ್ತಿದ್ದ ಟೈಲರ್ ಹೆಂಗಸು ಟೇಪು ಹಿಡಿದ ಕೈ ನಿಲ್ಲಿಸಿ, ಅಕ್ಕ, ಇಲ್ಲಿ ಎಂತ ಕಪ್ಪು ಅಂತ ಕೇಳಿದಳಂತೆ. ಮಸಿ ಇರಬೇಕು ಅಂತ ಇವಳು ಸೆರಗಿನಲ್ಲಿ ಒರೆಸಿಕೊಂಡಳಂತೆ. ಹೋಗಲಿಲ್ಲ.

ಮನೆಗೆ ಬಂದವಳು ಜಡೆ ಎತ್ತಿ ಹಿಡಿದು ನನಗೆ ಬೆನ್ನು ಮಾಡಿ ನಿಂತಳು. ಕನ್ನಡಕ ಹಾಕಿ ನೋಡಿದೆ. ಕೂದಲಿನ ಅಂಚಿಗಿಂತ ಸ್ವಲ್ಪ ಕೆಳಗೆ ಒಂದು ಮಚ್ಚೆ. ಕರಿಮೆಣಸಿನ ಕಾಳಿನಷ್ಟು. ಸುತ್ತ ಸಮ ಇಲ್ಲ, ಒಂದು ಬದಿಗೆ ಹರಡಿದ ಹಾಗೆ ಉಂಟು. ಇಂಥ ಮಚ್ಚೆ ಕ್ಯಾನ್ಸರ್ ಆಗಿರಬಹುದು ಅಂತ ಹಿಂದೆ ಎಲ್ಲೋ ಓದಿದ್ದೆ. ಓದಿದ್ದೆಲ್ಲ ಬೇಡದ ಹೊತ್ತಿಗೇ ನೆನಪಾಗ್ತದೆ ನೋಡಿ.

ಎಂತ ಉಂಟು ಅಂತ ಕೇಳಿದಳು.

"ಮಚ್ಚೆ ಮಾರಾಯ್ತಿ. ಅದು ಮೊದಲಿಂದಲೂ ಉಂಟಲ್ಲ" ಅಂದೆ.

ಸುಳ್ಳು. ಮೊದಲಿಂದ ಇತ್ತೋ, ಮೊನ್ನೆ ಬಂತೋ, ನನಗೆ ಗೊತ್ತೇ ಇರಲಿಲ್ಲ. ಮದುವೆಯಾಗಿ ಇಪ್ಪತ್ತಮೂರು ವರ್ಷ ಆಯಿತು. ನಮ್ಮ ಕಾರಿನ ಹಿಂದಿನ ಬಂಪರಿನಲ್ಲಿ ಎಷ್ಟು ಗೀರು ಉಂಟು ಅಂತ ಕೇಳಿ, ಕಣ್ಣು ಮುಚ್ಚಿ ಹೇಳ್ತೇನೆ.

ಸುಳ್ಳು ಅಲ್ಲಿಗೇ ಮುಗಿದಿದ್ದರೆ ಆಗ್ತಿತ್ತು. ಮಗಳು ಶ್ರಾವ್ಯ ಬಿಡಲಿಲ್ಲ. ಡಿಗ್ರಿ ಓದುವ ಹುಡುಗಿ, ಅಮ್ಮನ ಮೇಲೆ ಅಧಿಕಾರ ಜಾಸ್ತಿ. ಅವಳೇ ಫೋನು ಮಾಡಿ ಫಳ್ನೀರಿನಲ್ಲಿ ಚರ್ಮದ ಡಾಕ್ಟರರ ಅಪಾಯಿಂಟ್‌ಮೆಂಟ್ ತೆಗೆದಳು. ಡಾಕ್ಟರ್ ವಯಸ್ಸಿನಲ್ಲಿ ಸಣ್ಣವರು, ನಿಧಾನ ಮಾತಿನವರು. ಲೆನ್ಸ್ ಇಟ್ಟು ತುಂಬ ಹೊತ್ತು ನೋಡಿದರು. (ಡಾಕ್ಟರುಗಳು ತುಂಬ ಹೊತ್ತು ನೋಡಬಾರದು. ಬೇಗ ನೋಡಿ ಬೈದು ಕಳಿಸಬೇಕು.) ಆಮೇಲೆ ಇದು ಎಷ್ಟು ವರ್ಷದಿಂದ ಇದೆ ಅಂತ ಕೇಳಿದರು.

ಶಶಿಕಲಾ ನನ್ನನ್ನು ತೋರಿಸಿ, "ಮೊದಲಿಂದಲೂ ಉಂಟು ಡಾಕ್ಟ್ರೆ. ಇವರಿಗೆ ಗೊತ್ತುಂಟು" ಅಂದಳು.

ಎಷ್ಟು ನಂಬಿಕೆ ನೋಡಿ. ಪರ್ಸ್ ಎಲ್ಲಿಟ್ಟಿದ್ದೇನೆ ಅಂದರೆ ಸಹ ನಂಬದವಳು!

ಡಾಕ್ಟರ್ ನನ್ನ ಕಡೆ ತಿರುಗಿದರು. ಹಳೆಯದು, ಬದಲಾಗಿಲ್ಲ ಅಂತಾದರೆ ಕೆಲವು ತಿಂಗಳು ಕಾದು ನೋಡಬಹುದು, ಹೊಸದು ಅಥವಾ ಬೆಳೆದದ್ದು ಅಂತಾದರೆ ಈಗಲೇ ತೆಗೆದು ಟೆಸ್ಟಿಗೆ ಕಳಿಸಬೇಕು ಅಂದರು. ಮದುವೆ ಮುಗಿಯಲಿ ಡಾಕ್ಟ್ರೆ ಅಂತ ಇವಳು ಆಗಲೇ ರಾಗ ತೆಗೆದಿದ್ದಳು. ನನ್ನ ಒಂದು ಮಾತಿನ ಮೇಲೆ ಎಲ್ಲ ನಿಂತಿತ್ತು. ಸುಳ್ಳು ಅಂತ ಒಪ್ಪಿಕೊಳ್ಳಲು ನಾಲಿಗೆ ಏಳಲಿಲ್ಲ. ಹಳೇ ಫೋಟೋ ಉಂಟು, ನೋಡಿ ಹೇಳ್ತೇನೆ ಅಂದೆ. ಒಳ್ಳೆಯದು, ತನ್ನಿ ಅಂದರು.

ಫೋಟೋಕ್ಕೆ ನಮ್ಮಲ್ಲಿ ಬರಗಾಲವೇ? ಶ್ರಾವ್ಯ ಬಾಲವಾಡಿಗೆ ಹೋಗುವಾಗ ಹಂಪನಕಟ್ಟೆಯಲ್ಲಿ ಡಿಜಿಟಲ್ ಕ್ಯಾಮೆರಾ ತೆಗೆದಿದ್ದೆ. ಅಂಗಡಿಯವನ ಹತ್ತಿರ ಕೇಳಿದ್ದು ಒಂದೇ ಪ್ರಶ್ನೆ. ಈ ಕಾರ್ಡಿನಲ್ಲಿ ಎಷ್ಟು ಫೋಟೋ ಹಿಡೀತದೆ? ಎಂಟು ಜಿಬಿ ಸಾರ್, ಎರಡೂವರೆ ಸಾವಿರ ಧಾರಾಳ, ಸೈಜ್ ಸಣ್ಣದು ಇಟ್ಟರೆ ಇನ್ನೂ ಹೆಚ್ಚು ಅಂದ. ಆ ಒಂದೇ ಕಾರ್ಡಿನಲ್ಲಿ ಹತ್ತು ವರ್ಷ ದಾಟಿಸಿದೆ. ಹೇಗೆ? ಕಾರ್ಡ್ ಫುಲ್ ಅಂತ ಬಂದಾಗೆಲ್ಲ ಕೂತು 'ಹಾಳಾದ' ಫೋಟೋ ಅಳಿಸುತ್ತಿದ್ದೆ. ಕಣ್ಣು ಮುಚ್ಚಿದ್ದು, ಅಲುಗಾಡಿದ್ದು, ಯಾರೋ ಅಡ್ಡ ಬಂದದ್ದು, ಬೆನ್ನು ಹಾಕಿ ನಿಂತದ್ದು. ಇದು ನನ್ನ ಹೆಮ್ಮೆಯ ವಿಷಯವಾಗಿತ್ತು.

ಭಾನುವಾರ ಆ ಕಾರ್ಡನ್ನು ಶ್ರಾವ್ಯಳ ಲ್ಯಾಪ್‌ಟಾಪಿಗೆ ಹಾಕಿದೆವು. ಇಷ್ಟು ವರ್ಷದ ಮೇಲೆ ತೆರೆದುಕೊಳ್ಳುತ್ತದೋ ಇಲ್ಲವೋ ಅಂತ ಜೀವ ಬಾಯಿಗೆ ಬಂದಿತ್ತು. ತೆರೆದುಕೊಂಡಿತು. ಶಶಿಕಲಾ ಅಡುಗೆಮನೆಯಲ್ಲಿದ್ದಳು. ನಾವಿಬ್ಬರು ಒಂದೊಂದೇ ನೋಡುತ್ತ ಹೋದೆವು.

ಶಶಿಕಲಾ ಬೇಕಾದಷ್ಟು ಫೋಟೋಗಳಲ್ಲಿದ್ದಾಳೆ. ನೆಂಟರ ಮದುವೆ, ಸೀಮಂತ, ಗೃಹಪ್ರವೇಶ, ಚೌತಿ. ಎಲ್ಲದರಲ್ಲೂ ಎದುರು ಮುಖ, ಎಲ್ಲದರಲ್ಲೂ ನಗು. ನಾನೇ ಹೇಳಿ ನಿಲ್ಲಿಸಿದ್ದು, ನಾನೇ ಹೇಳಿ ನಗಿಸಿದ್ದು. ಎಲ್ಲೋ ಒಂದು ಕಡೆ ತಿರುಗಿದ್ದಾಳೆ ಅಂದುಕೊಳ್ಳಿ, ಅಲ್ಲಿ ಮಲ್ಲಿಗೆ ಉಂಟು. ನಮ್ಮೂರಿನಲ್ಲಿ ಕಾರ್ಯಕ್ರಮ ಅಂದರೆ ತಲೆತುಂಬ ಮಲ್ಲಿಗೆ ಆಗಲೇಬೇಕಲ್ಲ? ಒಂದು ಚೆಂಡು ಹೂ ಸಾಕಾಗುವುದಿಲ್ಲ ಇವಳಿಗೆ, ಎರಡು ಬೇಕು. ಹೂ ಮುಡಿದ ದಿನ ಮಾತ್ರ ಕ್ಯಾಮೆರಾ ಹೊರಗೆ ಬರುತ್ತದೆ. ಕ್ಯಾಮೆರಾ ಹೊರಗೆ ಬಂದ ದಿನವೆಲ್ಲ ಹಿಂಗತ್ತು ಹೂವಿನ ಅಡಿಯಲ್ಲಿ. ಮೊಬೈಲಿನಲ್ಲೂ ನೋಡಿದೆವು. ಸೆಲ್ಫಿಯಲ್ಲಿ ಯಾರ ಹಿಂಗತ್ತು ಬರ್ತದೆ ಮಾರಾಯ್ರೆ?

ಹನ್ನೆರಡು ಗಂಟೆಯಾಗುವಾಗ ನನಗೆ ಅರ್ಥವಾಗಿತ್ತು. ಅವಳು ಬೆನ್ನು ಹಾಕಿ ನಿಂತದ್ದು, ಬಗ್ಗಿ ಗುಡಿಸಿದ್ದು, ತಲೆ ಕೆದರಿ ಕೂತದ್ದು ಎಲ್ಲ ಹಾಳಾದ ಫೋಟೋಗಳು. ಅಳಿಸಿದವನು ನಾನೇ. ನನಗೆ ಅಳು ಬರುವ ಹಾಗಾಯಿತು. ಮಗಳ ಎದುರು ನೀರು ಕುಡಿಯುವ ನೆಪ ಮಾಡಿ ಎದ್ದೆ.

"ಪಪ್ಪ, ಇಲ್ಲಿ ಬನ್ನಿ" ಅಂದಳು ಶ್ರಾವ್ಯ.

ಫೋಟೋದಲ್ಲಿ ಬಾವಿಕಟ್ಟೆಯ ಹತ್ತಿರ ಶಶಿಕಲಾ ಕೂತು ಬಂಗುಡೆ ಮೀನು ಕ್ಲೀನ್ ಮಾಡುತ್ತಿದ್ದಾಳೆ. ಹಳೇ ನೈಟಿ. ಕೂದಲು ಎತ್ತಿ ಗಂಟು ಹಾಕಿದ್ದಾಳೆ. ಫೋಟೋ ಓರೆಯಾಗಿದೆ, ಅರ್ಧ ಭಾಗ ಬೆಕ್ಕು. ನನಗೆ ಕೂಡಲೇ ನೆನಪಾಯಿತು. ಆರು ವರ್ಷದ ಶ್ರಾವ್ಯ ಕ್ಯಾಮೆರಾ ಕದ್ದು ತೆಗೆದದ್ದು ಅದು. ಕಂಡ ಕಂಡ ಬಟನ್ ಒತ್ತಿ ಅದಕ್ಕೆ ಬೀಗದ ಗುರುತು ಬೀಳಿಸಿದ್ದಳು. ಎಷ್ಟು ಸಲ ಅಳಿಸಲು ಹೋಗಿದ್ದೇನೋ! ಪ್ರತಿ ಸಲ 'ಪ್ರೊಟೆಕ್ಟೆಡ್' ಅಂತ ಬರುತ್ತಿತ್ತು. ಬೀಗ ತೆಗೆಯುವುದು ಹೇಗೆಂದು ಗೊತ್ತಾಗದೆ, ಮಗುವಿಗೆ ಬೈದು ಸುಮ್ಮನಾಗಿದ್ದೆ.

ಶ್ರಾವ್ಯ ದೊಡ್ಡದು ಮಾಡಿದಳು. ಹಿಂಗತ್ತು ಕಂಡಿತು. ಮಚ್ಚೆಯೂ ಕಂಡಿತು.

ಇತ್ತು! ಅರೆ ನಿಮಿಷ ಎಷ್ಟು ಖುಷಿಯಾಯಿತೆಂದರೆ ನನ್ನ ಸುಳ್ಳು ನಿಜವಾಗಿಬಿಟ್ಟಿತಲ್ಲ ಅಂತ ನಕ್ಕೇಬಿಟ್ಟೆ. ಶ್ರಾವ್ಯ ನಗಲಿಲ್ಲ. ಬೆರಳು ತೆರೆಯ ಮೇಲೆಯೇ ಇತ್ತು. ಆಗ ಸರಿಯಾಗಿ ನೋಡಿದೆ. ಅದು ಎಳ್ಳುಕಾಳಿನಷ್ಟಿತ್ತು. ಅಷ್ಟೇ.

ಹಿಂದೆ ಶಶಿಕಲಾ ಬಂದು ನಿಂತದ್ದು ಗೊತ್ತಾಗಲಿಲ್ಲ. ಕೈ ಒರೆಸುತ್ತ ಫೋಟೋ ನೋಡಿದಳು. ಇದು ಎಳ್ಳು, ಈಗ ಎಷ್ಟುಂಟು ಅಂತ ಕೇಳಿದಳು. ಕರಿಮೆಣಸಿನಷ್ಟು ಅಂದೆ.

"ಮತ್ತೆ ಮೊದಲಿಂದಲೂ ಹೀಗೇ ಅಂದದ್ದು?"

"ನನಗೆ ಗೊತ್ತಿರಲಿಲ್ಲ. ಹೆದರಿ ಹೇಳಿದೆ."

ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ನನ್ನ ಪಕ್ಕದಲ್ಲಿ ಕೂತಳು. ಬೈದಿದ್ದರೆ ನನಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಫೋಟೋ ನೋಡಿದ ಡಾಕ್ಟರ್ ಬುಧವಾರವೇ ಮಚ್ಚೆ ತೆಗೆದರು. ಮೂರು ಹೊಲಿಗೆ. ರಿಪೋರ್ಟ್ ಇನ್ನೂ ಬಂದಿಲ್ಲ. ಫೋನು ಸದ್ದು ಮಾಡಿದರೆ ಮೂವರೂ ಒಬ್ಬರ ಮುಖ ಒಬ್ಬರು ನೋಡುತ್ತೇವೆ. ಹೆಚ್ಚಿನವು ಎಂತದೂ ಆಗಿರುವುದಿಲ್ಲ ಅಂತ ಡಾಕ್ಟರ್ ಹೇಳಿದ್ದಾರೆ. ಆ 'ಹೆಚ್ಚಿನವು' ಅನ್ನುವ ಮಾತು ನನಗೆ ನಿದ್ದೆ ಕೊಡುತ್ತಿಲ್ಲ. ಬೆಳಿಗ್ಗೆ ಡ್ರೆಸ್ಸಿಂಗ್ ಬದಲಿಸುವುದು ನಾನೇ. ಕೂದಲು ಎತ್ತಿ ಹಿಡಿದು ಅವಳು ಸುಮ್ಮನೆ ಕೂರುತ್ತಾಳೆ. ಬಲಗಿವಿಯ ಹಿಂದೆ ಒಂದು ಹಳೇ ಗಾಯದ ಗುರುತು ಉಂಟು ಅಂತ ನಿನ್ನೆ ಗೊತ್ತಾಯಿತು. ಎಂತದ್ದು ಅಂತ ಕೇಳಿದೆ. ಶಾಲೆಗೆ ಹೋಗುವಾಗ ಬಿದ್ದದ್ದಂತೆ.

ನಿಮ್ಮ ಕಾರ್ಡಿನಲ್ಲಿ, ಮೊಬೈಲಿನಲ್ಲಿ ಎಷ್ಟು ಸಾವಿರ ಫೋಟೋ ಹಿಡೀತದೆ ಅಂತ ನಾನು ಕೇಳುವುದಿಲ್ಲ. ನಿಮ್ಮ ಮನೆಯವರ ಹಿಂಗತ್ತಿನಲ್ಲಿ ಎಂತ ಉಂಟು, ನೋಡದೆ ಹೇಳ್ತೀರಾ?