ಕೇರಿಯದಲ್ಲದ ಒಲೆ

ಭಟ್ಕಳದ ಫಾರಿನ್ ಸಾಮಾನಿನ ಅಂಗಡಿಯಲ್ಲಿ ಎರಡು ಬಗೆಯ ಗ್ಯಾಸ್ ಗ್ರಿಲ್ ಇದ್ದವು. ನಾವು ಗಂಡ-ಹೆಂಡತಿ ವ್ಯಾನಿನಲ್ಲೇ ಉಂಡು ಮಲಗುತ್ತ ಹೊರಟವರೆಂದು ತಿಳಿದ ಅಂಗಡಿಯವರು, "ಮುಚ್ಚಳ ಇದ್ದದ್ದೇ ತಕೊಳ್ಳಿ, ಕಡಲ ಗಾಳಿಗೆ ಆರೂದಿಲ್ಲ" ಎಂದರು. ಅದನ್ನೇ ಕೊಂಡೆವು.

ಹೊನ್ನಾವರ ದಾಟಿದ ಮೇಲೆ ಮೀನುಗಾರರ ಕೇರಿಯೊಂದರ ಪಕ್ಕ ವ್ಯಾನು ನಿಲ್ಲಿಸಿ ಗ್ರಿಲ್ ಹಚ್ಚಿದೆ. ಮಸಾಲೆ ಸವರಿದ ಬಂಗಡೆ ಇನ್ನೂ ತಟ್ಟೆಯಲ್ಲೇ ಇತ್ತು. ಹೆಂಗಸೊಬ್ಬಳು ಅಕ್ಕಿ, ನೀರು ಹಾಕಿದ ಪಾತ್ರೆ ಹಿಡಿದು ಬಂದಳು.

"ಅಕ್ಕಾ, ನಮ್ಮ ಅಜ್ಜ ತೀರ್ಕಂಡ್ರು. ಅವರ ಮಗ ಬೋಟಿಗೆ ಹೋಗಿದ್ದಾನೆ. ಅಂವ ಬಂದು ಹೆಣ ಎತ್ತೂ ತನಕ ಕೇರಿಯಲ್ಲಿ ಯಾರೂ ಒಲೆ ಹಚ್ಚೂದಿಲ್ಲ. ನಿಮ್ಮದು ಕೇರಿ ಒಲೆ ಅಲ್ಲ ಅಲ್ದಾ? ಮಕ್ಕಳಿಗೆ ಗಂಜಿ ಬೇಯಿಸಿ ಕೊಡಿ."

ಮೀನು ಬದಿಗಿಟ್ಟು, ಗ್ರಿಲ್ಲಿನ ಸರಳುಗಳ ಮೇಲೆ ಪಾತ್ರೆ ಇಟ್ಟೆ. ಯಜಮಾನರು ಗ್ರಿಲ್ಲಿನ ಮುಚ್ಚಳ ಕಳಚಿ ಗಾಳಿಗೆ ಅಡ್ಡ ಹಿಡಿದು ನಿಂತರು. ಗಂಜಿ ಬೆಂದಿತು. ಮಕ್ಕಳು ವ್ಯಾನಿನ ನೆರಳಲ್ಲಿ ಕುಳಿತು ಉಂಡರು.

ಅವರು ಎದ್ದುಹೋದ ಮೇಲೆ ಮೀನಿನ ತಟ್ಟೆಗೆ ಕೈಹಾಕಿದೆ. ಪಾತ್ರೆ ಒಯ್ಯಲು ಬಂದಿದ್ದ ಆಕೆ ಮೆಲ್ಲನೆ ಹೇಳಿದಳು:

"ಈಗ ಬೇಡ ಅಕ್ಕಾ. ನಮ್ಮ ಮಕ್ಕಳು ಉಂಡ ಮೇಲೆ ಇದೂ ಕೇರಿ ಒಲೆಯೇ ಆತಲ್ಲ."

ಗ್ಯಾಸ್ ಆರಿಸಿದೆ. ನಾವೂ ಕಡಲಿಗೆ ಮುಖ ಮಾಡಿ, ಬೋಟು ಬರುವುದನ್ನು ಕಾಯುತ್ತ ಕುಳಿತೆವು.