ಬೆವರದ ಕೆಟಲಿಗಾಗಿ ಮಟಕಿಗೆ

ಬೆಳಿಗ್ಗೆ ಏಳರ ಬಸ್ಸಿಗೆ ಜೇವರ್ಗಿ ಬಿಟ್ಟೆ. ತೊಡೆಯ ಮೇಲಿದ್ದ ಟವೆಲ್ಲಿನ ಗಂಟಿನಲ್ಲಿ ಮಣ್ಣಿನ ಕೆಟಲಿಯ ಚೂರುಗಳಿದ್ದವು. ಕುಂಬಾರರಾಗಿದ್ದ ನನ್ನ ಮಾವ ಮಗಳ ಮದುವೆಗೆಂದು ಮಾಡಿಕೊಟ್ಟಿದ್ದ ಕೆಟಲಿ ಅದು. ಸೋಸಿದ ಚಹಾ ಅದರಲ್ಲಿ ಕೊಂಚ ಹೊತ್ತು ಕೂತ ಮೇಲೆಯೇ ನನ್ನ ಹೆಂಡತಿ ಮಹಾದೇವಿ ಕುಡಿಯುತ್ತಿದ್ದಳು. ಮೂವತ್ತು ವರ್ಷ ವಿಜ್ಞಾನ ಕಲಿಸಿದ ಮೇಷ್ಟ್ರು ನಾನು, ಅದನ್ನು ಸೋಪಿನ ಪುಡಿಯಲ್ಲಿ ತೊಳೆದೆ. ಮೆರುಗಿಲ್ಲದ ಮಣ್ಣು ಸೋಪು ಕುಡಿದುಬಿಟ್ಟಿತು, ಚಹಾದಲ್ಲಿ ನೊರೆ! ವಾಸನೆ ಬಿಡಿಸಲು ಗ್ಯಾಸಿನ ಮೇಲಿಟ್ಟೆ, ಟಪ್ಪೆಂದು ಸೀಳಿತು. ಮಹಾದೇವಿ ಬೈಯಲಿಲ್ಲ, ಚಹಾ ಕುಡಿಯುವುದನ್ನೇ ಬಿಟ್ಟಳು. ಅದನ್ನು ನನಗೆ ತಡೆಯಲಾಗಲಿಲ್ಲ.

ಕಲಬುರಗಿಯಲ್ಲಿ ಬಸ್ಸು ಬದಲಿಸಿ, ನಲವತ್ತು ಕಿಲೋಮೀಟರು ದಾಟಿ ಆಳಂದದಲ್ಲಿ ಮಂಡಕ್ಕಿ ಸೂಸಲಾ, ಮಿರ್ಚಿ ತಿಂದೆ. ಅಲ್ಲಿಂದ ಟಂಟಂ ಆಟೋ ಹತ್ತಿ ಮಹಾದೇವಿಯ ತವರೂರು ಮಟಕಿ ಮುಟ್ಟಿದಾಗ ಬಿಸಿಲು ನೆತ್ತಿಯ ಮೇಲಿತ್ತು. ಮಹಾದೇವಿಯ ತಮ್ಮ ಶರಣಪ್ಪ ಗಂಟು ಬಿಚ್ಚಿ ನಕ್ಕ.

“ಏನ್ರಿ ಮಾಮಾರ, ಅಂಟು ಹಚ್ಚಿ ಕೂಡಸಾಕ ತಂದೀರೇನು?”

“ಇಂಥದ್ದೇ ಒಂದು ಮಾಡಿಕೊಡಪಾ.”

ಅವನ ನಗು ನಿಂತಿತು. “ನಾ ಮಾಡೋದು ನೀರಿನ ಕೊಡ ರೀ. ಮಣ್ಣಾಗ ಕುದುರಿ ಲದ್ದಿ ಕಲಸ್ತೇನಿ. ಸುಟ್ಟಾಗ ಅದು ಉರದು ಸಣ್ಣ ತೂತ ಆಗ್ತಾವ. ಕೊಡ ಬೆವರಿದ್ರ ನೀರು ತಂಪು, ಕೆಟಲಿ ಬೆವರಿದ್ರ ಚಹಾ ಸೋರಿ ಹೋಗ್ತದ. ಅಪ್ಪ ಹೆಂಗ ಮಾಡಿದ್ನೋ, ನನಗ ಹೇಳದ ಹೋಗಿಬಿಟ್ಟನ್ರಿ.”

ಎರಡು ದಿನಕ್ಕೆಂದು ಹೋದವನು ಹದಿನೈದು ದಿನ ಉಳಿದೆ, ದಿನಾ ಬಿಸಿ ರೊಟ್ಟಿ ತಿಂದು ಮೈ ಬೆಳೆಸಿದೆ. ರೂಢಿಯ ಕೈ, ಮೊದಲ ಕೆಟಲಿಗೂ ಶರಣಪ್ಪ ಲದ್ದಿ ಕಲಸಿದ. ಸುಟ್ಟು ನೀರು ತುಂಬಿದೊಡನೆ ಅದು ಮೈತುಂಬ ಬೆವರಿತು. ಆಮೇಲೆ ಅಫಜಲಪುರ ಕಡೆಯಿಂದ ಭೀಮಾ ದಂಡೆಯ ಸಣ್ಣ ಮಣ್ಣು ತರಿಸಿ, ಬಟ್ಟೆಯಲ್ಲಿ ಸೋಸಿದ. ಹಳೆಯ ಚೂರುಗಳನ್ನೂ ಕುಟ್ಟಿ ಪುಡಿಮಾಡಿ ಅದರಲ್ಲಿ ಕಲಸಿದ. ಅವನ್ನೇಕೆ ಪುಡಿ ಮಾಡಿದೆಯೆಂದು ರೇಗಿದೆ.

“ಸುಟ್ಟ ಮಣ್ಣು ಕೂಡಿದ್ರ ಬಿಸಿಗೆ ಸೀಳಂಗಿಲ್ರಿ,” ಎಂದ.

ಒಣಗಿದ ಕೆಟಲಿಯನ್ನು ಮಡಕೆ ಸುಡುವ ಆವಿಗೆಯ ನಟ್ಟನಡುವೆ ಇಟ್ಟು ಬೆಂಕಿ ಹಾಕಿದ. ಎಷ್ಟು ಡಿಗ್ರಿ ಬೇಕೆಂದು ಕೇಳಿದೆ.

“ಡಿಗ್ರಿ ನಿಮ್ಮ ಸಾಲ್ಯಾಗ ರೀ. ಇಲ್ಲಿ ಬೆಂಕಿ ಬಣ್ಣ ನೋಡಬೇಕು. ಕೊಡಕ್ಕ ಕೆಂಪು ಸಾಕು, ಇದಕ್ಕ ಕಿತ್ತಳಿ ಆಗಲಿ.”

ಆರಿದ ಮೇಲೆ, ಉಳಿದ ಸಣ್ಣ ತೂತು ಮುಚ್ಚಲೆಂದು ಜೋಳದ ಗಂಜಿ ತುಂಬಿಸಿ ಒಂದು ದಿನ ಬಿಟ್ಟ. ತೊಳೆದು ನೀರು ಹಾಕಿದರೆ ಮೈಯೆಲ್ಲ ಒಣಗಿಯೇ ಇತ್ತು. ಅವನಿಗಿಂತ ಜೋರಾಗಿ ನಾನೇ ಕೂಗಿಬಿಟ್ಟೆ.

ಜೇವರ್ಗಿಗೆ ಮರಳಿದ ಸಂಜೆ ಮಹಾದೇವಿ ಹೊಸ ಕೆಟಲಿಗೆ ಚಹಾ ಸೋಸಿದಳು. ಸ್ವಲ್ಪ ಹೊತ್ತಿಗೆ ಮೂತಿಯ ಬುಡದಲ್ಲಿ ಒಂದೇ ಹನಿ ಮೂಡಿತು. ನಾನು ಬಗ್ಗಿ ನೋಡಿದೆ. ಅವಳು ಅದನ್ನು ಬೆರಳಿನಿಂದ ಒರೆಸಿ, ಕೆಟಲಿಯನ್ನು ಬೆಳಕಿಗೆ ಹಿಡಿದು, ಮಣ್ಣಿನೊಳಗಿನ ಹಳೆಯ ಕೆಟಲಿಯ ಚುಕ್ಕಿಗಳನ್ನು ನೋಡಿದಳು.

“ಅಪ್ಪಂದೂ ಇಲ್ಲೇ ಬೆವರ್ತಿತ್ರಿ,” ಎಂದಳು.

ಕಪ್ಪಿಗೆ ಬಗ್ಗಿಸಿಕೊಂಡು ಕಣ್ಣು ಮುಚ್ಚಿ ಕುಡಿದಳು. ನಾನು ಕೆಟಲಿ ತೊಳೆಯಲೆಂದು ಎದ್ದೆ. ಅವಳು ಅದನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಹೇಳಿದಳು:

“ಕುಂದರ್ರಿ ಸುಮ್ಮ.”